ಗಣಕದ ಕಡತಗಳು: ಅಳಿಸುವ ಮುನ್ನ

ಮುಧೋಳ ನಾಡಿನ ರನ್ನನ ‘ಗದಾಯುದ್ಧ’ ಗಣಕದಿಂದ ಅಳಿದರೆ ಮುದ್ರಿತ ಪ್ರತಿಯಿಂದ ಮರಳಿ ಬೆರಳಚ್ಚಿಸಬಹುದು. ಅದೇ ನಾಡಿನ ಹಾಡುಗಾರರಿಂದ ಬರೆದುಕೊಂಡ ಹಾಡು ಅಳಿದರೆ ಮರಳಿ ದೊರೆಯುವ ಭರವಸೆಯಿಲ್ಲ. ಅಳಿಸುವ ನಿರ್ಧಾರಕ್ಕೆ ಕಡತದ ಗಾತ್ರಕ್ಕಿಂತ ಈ ಭೇದವೇ ಮುಖ್ಯ. ತಂತ್ರಾಂಶಗಳನ್ನು ಮುಚ್ಚಿದ ಮೇಲೂ ಉಳಿಯುವ ತಾತ್ಕಾಲಿಕ ಕಡತಗಳನ್ನು ಅಳಿಸಬಹುದು.

ತೊಡಕಿರುವುದು ಹಳೆಯ ‘ನುಡಿ’ ಫಾಂಟುಗಳಲ್ಲಿ. ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಸಂಕೇತಗಳನ್ನು ಕಲ್ಪಿಸಿದ್ದರೂ, ನುಡಿಯ ಹಳೆಯ ಪಠ್ಯಗಳು ಅಡಗಿರುವುದು ರೋಮನ್ ಲಿಪಿಯ ಸಂಕೇತಗಳಲ್ಲಿ. ಫಾಂಟನ್ನು ಅಳಿಸಿದರೆ ತೆರೆಯ ಮೇಲೆ ಕನ್ನಡವೇ ಕಾಣದು. ಆದ್ದರಿಂದ ಮೊದಲು ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ನುಡಿಯಲ್ಲಿ ಅರ್ಕಾವೊತ್ತಿನ ಸಂಕೇತ ವ್ಯಂಜನದ ನಂತರ ಬಂದರೆ, ಯೂನಿಕೋಡಿನಲ್ಲಿ ರಕಾರವೇ ಮೊದಲು ಬರುತ್ತದೆ. ಹೀಗಾಗಿ ‘ದುರ್ಯೋಧನ’ದಂತಹ ರೂಪಗಳನ್ನೂ, ಹಳಗನ್ನಡದ ಱ, ೞಗಳನ್ನೂ ಪಾಠಾಂತರ ನೋಡುವ ಎಚ್ಚರದಿಂದಲೇ ಮೂಲದೊಡನೆ ಹೋಲಿಸಬೇಕು. ಅಲ್ಲಿಯವರೆಗೆ ಮೂಲ ಕಡತ, ಫಾಂಟು ಎರಡನ್ನೂ ಉಳಿಸಿಕೊಳ್ಳತಕ್ಕದ್ದು.