ಬೇಸರದ ಸಂಜೆಗೆ ಒಗ್ಗರಣೆ-ಮಿರ್ಚಿ

ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯ ಏಪ್ರಿಲ್ ಮಧ್ಯಾಹ್ನಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದರೆ ಯಾರಿಗೂ ಅಚ್ಚರಿಯಿಲ್ಲ. ಹೊರಗೆ ಕಾಲಿಡುವಂತಿಲ್ಲ, ಒಳಗೆ ಕೂತರೆ ಹೊತ್ತು ಹೋಗುವುದಿಲ್ಲ. ‘ಯಾಕೋ ಏನೂ ಬ್ಯಾಡಾಗೇದ’ ಎಂದು ಯಾರಾದರೂ ಅಂದರೆ, ಮನೆಮಂದಿ ಕೊಡುವ ಮದ್ದು ಒಂದೇ: ‘ಸುಮ್ನ ಮಲ್ಕೋ, ಸರಿ ಆಗ್ತದ’.

ದಣಿದ ಮೈಗೆ ಈ ಮದ್ದು ಸರಿ. ಕುಗ್ಗಿದ ಮನಸ್ಸಿಗೆ ಮಾತ್ರ ಇದು ಅನೇಕ ಸಲ ತಿರುಗುಬಾಣ. ಬೇಸರವೆಂದು ಮಲಗಿದವರು ಕಟ್ಟೆಗೆ ಬರುವುದು ಬಿಡುತ್ತಾರೆ, ಮಾತು ಕಡಿಮೆಯಾಗುತ್ತದೆ, ಖುಷಿ ಕೊಡುತ್ತಿದ್ದ ಸಣ್ಣಪುಟ್ಟ ಕೆಲಸಗಳು ಒಂದೊಂದಾಗಿ ಕೈಬಿಡುತ್ತವೆ. ಅದರಿಂದ ಬೇಸರ ಮತ್ತಷ್ಟು ಹೆಚ್ಚುತ್ತದೆ. ಅಮೆರಿಕದ ಮನೋವಿಜ್ಞಾನಿ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿ ಹಿಡಿದದ್ದು ಈ ಸುಳಿಯನ್ನೇ. ಅವರೂ ಸಹೋದ್ಯೋಗಿಯೊಬ್ಬರೂ ಸೇರಿ 320 ಸಂತೋಷದ ಸಂಗತಿಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಈ ತಿಂಗಳು ಇವುಗಳಲ್ಲಿ ಯಾವುದನ್ನು ಎಷ್ಟು ಸಲ ಮಾಡಿದಿರಿ, ಎಷ್ಟು ಖುಷಿಯಾಯಿತು ಎಂದು ಜನರನ್ನೇ ಕೇಳಿದರು. ಮನಸ್ಸು ಬಂದಾಗ ಮಾಡೋಣ ಎಂದು ಕಾಯದೆ ಹೊತ್ತು ಗೊತ್ತುಮಾಡಿಕೊಂಡು ಮಾಡಿಬಿಡುವುದು ಇದರ ಮೇಲೆ ಕಟ್ಟಿದ ಚಿಕಿತ್ಸೆಯ ತಿರುಳು. ಮನಸ್ಸು ಹಿಂದಿನಿಂದ ಬರುತ್ತದೆ.

ಇದು ನಮ್ಮ ನೆಲಕ್ಕೂ ಒಗ್ಗುತ್ತದೆಯೇ? ಪಕ್ಕದ ಗೋವಾದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಡಾ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಖಿನ್ನತೆಯಿದ್ದ ಸುಮಾರು 500 ಜನರ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಚಿಕಿತ್ಸೆ ಕೊಟ್ಟವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಭೇಟಿಗಳಲ್ಲಿ ಮುಖ್ಯವಾಗಿ ಅವರು ಮಾಡಿಸಿದ್ದು, ಬಿಟ್ಟುಹೋದ ಚಟುವಟಿಕೆಗಳನ್ನು ಮತ್ತೆ ಹಿಡಿಯುವ ಕೆಲಸ. ಮೂರು ತಿಂಗಳಿಗೆ ಶೇ 64ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಆ ಭೇಟಿಗಳು ಸಿಗದ ಗುಂಪಿನಲ್ಲಿ ಈ ಪ್ರಮಾಣ ಶೇ 39.

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯವರು ಇಂಥ ಪಟ್ಟಿ ಬರೆಯಲು ಕೂತರೆ ಮೊದಲ ಸಾಲಿನಲ್ಲಿ ಒಗ್ಗರಣೆ-ಮಿರ್ಚಿ ಇರಲೇಬೇಕು. ಮಂಡಕ್ಕಿಯನ್ನು ನೀರಿಗೆ ಹಾಕಿ, ಅದು ಮೆತ್ತಗಾಗಿ ಮುದ್ದೆಯಾಗುವ ಮೊದಲೇ ಎರಡೂ ಅಂಗೈಯಲ್ಲಿ ಹಿಂಡಿ ತೆಗೆಯಬೇಕು. ಬಾಣಲೆಯಲ್ಲಿ ಸಾಸಿವೆ ಸಿಡಿದು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು ಬಾಡಿದ ಮೇಲೆ ಅರಿಶಿನ. ಆಮೇಲೆ ಮಂಡಕ್ಕಿ, ಮೇಲೊಂದು ಹಿಡಿ ಪುಟಾಣಿ ಹಿಟ್ಟು, ಕೊನೆಗೆ ನಿಂಬೆರಸ. ಪಕ್ಕದ ಒಲೆಯ ಎಣ್ಣೆಯಲ್ಲಿ ಕಡಲೆಹಿಟ್ಟು ಹೊದ್ದ ಮೆಣಸಿನಕಾಯಿ ಉಬ್ಬುತ್ತಿರುತ್ತದೆ. ಕಣ್ಣು, ಮೂಗು, ಕೈಗೆ ಒಟ್ಟಿಗೇ ಕೆಲಸ ಬಿದ್ದಾಗ ಅಷ್ಟು ಹೊತ್ತು ಚಿಂತೆಗೆ ಬಿಡುವು. ಹಟ್ಟಿ ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರ ಮನೆಯಲ್ಲಿ ಈ ‘ಸಂಜೆ ತಿಂಡಿ’ ಬೆಳಗಿಗೇ ಆದರೂ ಅಡ್ಡಿಯಿಲ್ಲ.

ಆದರೆ ಮಿರ್ಚಿ ತಿನ್ನುವವರ ಖುಷಿ ಕರಿಯುವವರದ್ದೂ ಆಗಿರಬೇಕೆಂದಿಲ್ಲ. ದಿನವೂ ಮನೆಮಂದಿಗೆಲ್ಲ ರೊಟ್ಟಿ ಬಡಿಯುವ ಹೆಣ್ಣುಮಗಳಿಗೆ ‘ಬೇಸರವಾದರೆ ಏನಾದರೂ ರುಚಿಯಾಗಿ ಮಾಡಿಕೋ’ ಎನ್ನುವುದು ಕ್ರೂರ ಸಲಹೆ. ಅವಳಿಗೆ ಬೇಕಾದ ಸಂತೋಷ, ಯಾರೋ ಮಾಡಿಕೊಟ್ಟ ಚಹಾ ಹಿಡಿದು ಅರ್ಧ ತಾಸು ಕಟ್ಟೆಗೆ ಕೂರುವುದಿರಬಹುದು. ಲೆವಿನ್‌ಸನ್ ಎಷ್ಟು ಖುಷಿಯಾಯಿತೆಂದು ಪ್ರತಿಯೊಬ್ಬರನ್ನೂ ಬೇರೆಬೇರೆ ಕೇಳಿದ್ದರಲ್ಲಿ ಇದೇ ಜಾಣ್ಮೆ.

ಕೌದಿಯ ಸಂಗತಿ ಬೇರೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಇಬ್ಬರು ಮೂವರು ಸುತ್ತ ಕೂತು ದಾರ ಎಳೆಯುತ್ತ ಹೋಗುತ್ತಾರೆ. ಕೆಲಸ ಎಷ್ಟಾಯಿತೆಂಬುದು ಸಾಲುಸಾಲಾಗಿ ಕಣ್ಣಿಗೆ ಕಾಣುತ್ತದೆ, ಹೊಲಿಗೆಯ ನಡುವೆ ಮಾತೂ ಸಾಗುತ್ತದೆ. ಹಾಡಿಗೂ ಇಲ್ಲಿ ಬರವಿಲ್ಲ. ಕೀರ್ತನಕಾರ ಪ್ರಾಣೇಶದಾಸರು ಲಿಂಗಸುಗೂರಿನವರೇ. ಸಿಂಧನೂರು ತಾಲ್ಲೂಕಿನ ಅಂಬಾಮಠದ ಚಿದಾನಂದಾವಧೂತರ ದೇವಿ ಪುರಾಣವನ್ನು ನವರಾತ್ರಿಯಲ್ಲಿ ಮನೆಮನೆಗಳಲ್ಲಿ ಓದುತ್ತಾರೆ. ದನಿ ಚೆನ್ನಾಗಿಲ್ಲ ಎಂಬ ಸಂಕೋಚಕ್ಕೆ ಭಜನೆಯ ತಾಳದ ನಡುವೆ ಜಾಗವೇ ಇಲ್ಲ.

ಇಷ್ಟಕ್ಕೇ ಎಲ್ಲ ಸರಿಹೋಗುತ್ತದೆ ಎಂದರೆ ಅದು ಈ ಸೀಮೆ ಕಾಣದವರ ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಎಡದಂಡೆ ಕಾಲುವೆಯನ್ನೇ ನಂಬಿದ ರೈತರ ನಿದ್ದೆ ಹಾರಿದ್ದು ಬೇಸರದಿಂದಲ್ಲ. ಸಾಲಕ್ಕೆ, ಬತ್ತಿದ ಕಾಲುವೆಗೆ ಕೌದಿಯಲ್ಲಿ ಪರಿಹಾರವಿಲ್ಲ.

ಖಿನ್ನತೆ ಎಂಬ ಕಾಯಿಲೆಯೂ ಬೇರೆಯೇ. ಎರಡು ವಾರ ದಾಟಿದರೂ ಯಾವುದೂ ರುಚಿಸದೆ, ನಿದ್ದೆ-ಊಟ ಕೆಟ್ಟು, ‘ನಾ ಇದ್ದರೇನು ಹೋದರೇನು’ ಎಂಬ ಮಾತು ಬಂದರೆ ತಡ ಮಾಡಬಾರದು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಖಿನ್ನತೆಯುಳ್ಳ ಶೇ 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ವಿಪರ್ಯಾಸವೆಂದರೆ, ಊರ ಆಸ್ಪತ್ರೆಯಲ್ಲೇ ಮನೋಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ ದೇಶಕ್ಕೆ ತೋರಿಸಿದ್ದು ರಾಯಚೂರಿನ ಮಗ್ಗುಲಲ್ಲೇ ಇರುವ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದಲ್ಲಿ. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಈಗ ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳ ಮನೋವೈದ್ಯ ಸೇವೆಗೆ ಮಂಗಳವಾರವನ್ನು ಗೊತ್ತುಮಾಡಿದ್ದಾರೆ. ಮಂಗಳವಾರದವರೆಗೆ ಕಾಯುವಂತಿಲ್ಲದಿದ್ದರೆ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು-ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.