ಕೈಗೆ ತಂಪು, ತಲೆಗೆ ಬಿಸಿ

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಕಲ್ಲುಚಪ್ಪಡಿಯ ಸೂರಿನ ಮನೆಗಳು ಇನ್ನೂ ಉಳಿದಿವೆ. ನಡುಮಧ್ಯಾಹ್ನ ಕಲ್ಲಿನ ಜಗಲಿ ಮೇಲೆ ಮೈಚೆಲ್ಲಿದರೆ ಹಾಯೆನಿಸುತ್ತದೆ. ಕಲ್ಲಿನ ಮನೆ ತಂಪು ಅನ್ನುವ ನಂಬಿಕೆ ಅಲ್ಲಿಂದಲೇ ಬಂದಿರಬೇಕು. ಅದು ಅರ್ಧ ನಿಜ. ಗ್ರಾನೈಟ್ ತಣ್ಣಗೆ ತಾಕುವುದು ಮೈಯ ಶಾಖವನ್ನು ಸರಸರನೆ ಎಳೆದುಕೊಳ್ಳುವುದರಿಂದ. ಅದೇ ಕಲ್ಲು ತಲೆಯ ಮೇಲಿದ್ದರೆ ಏಪ್ರಿಲ್ ಬಿಸಿಲನ್ನೂ ಅಷ್ಟೇ ಸರಾಗವಾಗಿ ಒಳಗಿಳಿಸುತ್ತದೆ. ಶಾಖ ಸಾಗಿಸುವುದರಲ್ಲಿ ಅದು ಒಣಮಣ್ಣಿಗಿಂತ ಎಷ್ಟೋ ಪಟ್ಟು ಚುರುಕು. ಸಂಜೆ ಅಂಗಳದಲ್ಲಿ ಗಾಳಿ ತಣ್ಣಗಾದರೂ ಚಪ್ಪಡಿಯಡಿ ಸೆಕೆ ಇಳಿಯದು. ಅದರ ಮೇಲೆ ಮಣ್ಣು ಹರವಿ ಗಾರೆ ಬಳಿದರೆ ಸೋರುವುದೂ ತಪ್ಪುತ್ತದೆ, ಬಿಸಿಲೂ ತಡವಾಗಿ ಇಳಿಯುತ್ತದೆ.

ನೈಸರ್ಗಿಕ ವಸ್ತು ಎಂದಷ್ಟೇ ಹೇಳಿ ಮಾರುವವರನ್ನು ನಾನು ನಂಬುವುದಿಲ್ಲ. ಯಾವುದನ್ನು ಎಲ್ಲಿ ಇಡುತ್ತೀರಿ ಎಂಬುದೇ ಲೆಕ್ಕ. ಕಲ್ಲು ಅಡಿಪಾಯಕ್ಕಿರಲಿ, ಗೋಡೆಗೆ ಮಣ್ಣು ವಾಸಿ. ದಪ್ಪ ಮಣ್ಣಿನ ಗೋಡೆ ಬೀದಿಯ ಗಲಾಟೆಯನ್ನು ತಡೆಯುತ್ತದೆ, ಅಡುಗೆಯ ಹಬೆಯ ತೇವವನ್ನು ಹೀರಿಕೊಂಡು ಗಾಳಿ ಒಣಗಿದಾಗ ಬಿಟ್ಟುಕೊಡುತ್ತದೆ. ಮೇಲೆ ಸುಣ್ಣ ಬಳಿದರೆ ಈ ಉಸಿರಾಟ ನಿಲ್ಲದು, ಬೂಷ್ಟೂ ಸುಲಭವಾಗಿ ಹಿಡಿಯದು. ಪ್ಲಾಸ್ಟಿಕ್ ಪೇಂಟ್ ಹೊಡೆದಿರೋ, ಗೋಡೆಗೆ ರೇನ್‌ಕೋಟ್ ತೊಡಿಸಿದಂತೆ.

ಮಳೆಗೆ ಕರಗದಂಥ ಮಣ್ಣಿನ ಗೋಡೆಯ ದಾರಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತೋರಿಸಿದೆ. 1974ರಲ್ಲಿ ಎ.ಕೆ.ಎನ್. ರೆಡ್ಡಿ ಅಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು, ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತುವ ಇಟ್ಟಿಗೆಯನ್ನು ರೂಢಿಗೆ ತಂದರು. ಗೂಡಿಲ್ಲ, ಸೌದೆಯಿಲ್ಲ, ನೀರು ಚಿಮುಕಿಸುತ್ತ ಮೂರ್ನಾಲ್ಕು ವಾರ ಹದಗೊಳಿಸಿದರಾಯಿತು. ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಸಾಕು.

ಇಟ್ಟಿಗೆ, ಹೆಂಚಿಗೆ ಹೆಸರಾದ ಮಾಲೂರಿನವರು ಇಲ್ಲೊಂದು ಎಚ್ಚರ ವಹಿಸಬೇಕು. ಸುಡುವ ಇಟ್ಟಿಗೆಗೆ ಹೇಳಿಮಾಡಿಸಿದ ಜಿಗುಟು ಕೆರೆಮಣ್ಣು, ಒತ್ತುವ ಇಟ್ಟಿಗೆಗೆ ಒಗ್ಗದು. ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಬೇಕಾದ್ದು ಮರಳು ಹೆಚ್ಚಿರುವ ಕೆಂಪುಮಣ್ಣು. ಗಾಜಿನ ಬಾಟಲಿಗೆ ಮೂರನೇ ಒಂದರಷ್ಟು ಮಣ್ಣು, ಉಳಿದದ್ದು ನೀರು ತುಂಬಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳಕ್ಕಿಳಿಯುತ್ತದೆ, ಜೇಡಿ ಮರುದಿನದವರೆಗೂ ನೀರನ್ನು ಕದಡಿಸಿರುತ್ತದೆ. ಮಾರನೆಯ ದಿನ ಪದರಗಳನ್ನು ಅಳೆಯಿರಿ: ಒಟ್ಟು ಮಣ್ಣಿನಲ್ಲಿ ಮೂರನೇ ಎರಡರಷ್ಟು ಮರಳಿಲ್ಲದಿದ್ದರೆ, ಯಂತ್ರ ತರಿಸುವ ಮುಂಚೆ ಮರಳೋ ಕಲ್ಲುಪುಡಿಯೋ ಬೆರೆಸಲೇಬೇಕು.