ಕಾರಿಗೆ ಇನ್ಶೂರೆನ್ಸ್ ಇದ್ದರೆ ಆಸ್ಪತ್ರೆ ಬಿಲ್ ಕಂಪನಿಯೇ ಕಟ್ಟುತ್ತದೆಯೇ?

‘ಗಾಡಿಗೆ ಇನ್ಶೂರೆನ್ಸ್ ಇದ್ದರೆ ಸಾಕು, ಅಪಘಾತವಾದಾಗ ಒಳಗಿದ್ದ ಎಲ್ಲರ ಆಸ್ಪತ್ರೆ ಖರ್ಚೂ ಕಂಪನಿಯದ್ದೇ’ ಎಂಬ ಅರ್ಥದ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದನ್ನು ನಂಬಿ ಆಸ್ಪತ್ರೆ ಕೌಂಟರಿನಲ್ಲಿ ಕಾರಿನ ಪಾಲಿಸಿ ತೋರಿಸಿದರೆ, ಅವರು ಅಡ್ವಾನ್ಸ್ ಕಟ್ಟಿ ಎಂದೇ ಹೇಳುತ್ತಾರೆ.

ಕಾರಣ ಸರಳ. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು. ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಪೆಟ್ಟಾದರೆ ಅವರಿಗೆ ಪರಿಹಾರ. ಅದೂ ಆಸ್ಪತ್ರೆಯಲ್ಲಿ ಆ ಕ್ಷಣಕ್ಕೆ ಸಿಗುವ ಹಣವಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ತೀರ್ಮಾನಿಸಿದ ಮೇಲೆ ಬರುವಂಥದ್ದು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಸ್ವಂತ ಕಾರಿನಲ್ಲಿ ಜೊತೆಗೆ ಕೂತಿದ್ದ ಅಮ್ಮ, ಭಾವ, ಗೆಳೆಯರು ಸಾಮಾನ್ಯವಾಗಿ ಈ ರಕ್ಷಣೆಯೊಳಗೆ ಬರುವುದಿಲ್ಲ.

‘ನಮ್ಮದು ಫುಲ್ ಇನ್ಶೂರೆನ್ಸ್’ ಎನ್ನುವವರೂ ಇದ್ದಾರೆ. ಆ ‘ಫುಲ್’ ಮುಖ್ಯವಾಗಿ ಬಂಪರ್, ಗಾಜು, ಬಾನೆಟ್‌ಗೆ ಸಂಬಂಧಿಸಿದ್ದು, ನಿಮ್ಮ ಮೂಳೆಗಲ್ಲ!

ಹಾಗಾದರೆ ಮಾಲೀಕರಿಗೆ ಕಡ್ಡಾಯವಿರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ? ಅದು ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಕಾಲು ಮುರಿದು ಪ್ಲೇಟ್ ಹಾಕಿಸಿಕೊಂಡರೆ ಅದರಿಂದ ಏನೂ ಬರುವುದಿಲ್ಲ. ಇನ್ನೊಂದು ವಿಷಯ, ಕಾರು ಅಪ್ಪನ ಹೆಸರಿನಲ್ಲಿದ್ದು ಮಗ ಓಡಿಸುತ್ತಿದ್ದರೆ ಮಗನಿಗೆ ಆ ಕವರ್ ಇಲ್ಲ.

ಆದರೆ ಫಾರ್ವರ್ಡ್‌ನಲ್ಲಿ ಇಲ್ಲದ ಒಂದು ನಿಜವಾದ ಸೌಲಭ್ಯವಿದೆ, ಹಂಚಬೇಕಾದ್ದು ಇದನ್ನು. ಕೇಂದ್ರ ಸರ್ಕಾರ 2025ರ ಮೇ ತಿಂಗಳಿನಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸಾ ಯೋಜನೆಯನ್ನು ಅಧಿಸೂಚಿಸಿತು. ಇಂಥದ್ದೊಂದು ಯೋಜನೆ ರೂಪಿಸಬೇಕೆಂದು ಕಾಯ್ದೆಯ 162ನೇ ಸೆಕ್ಷನ್‌ನಲ್ಲೇ ಇತ್ತು. ಅದು ತಡವಾದಾಗ ಅದೇ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗಡುವು ಕೊಟ್ಟಿತ್ತು. ಮೋಟಾರು ವಾಹನದಿಂದ ಯಾವುದೇ ರಸ್ತೆಯಲ್ಲಿ ಅಪಘಾತವಾದರೂ, ಗಾಯಗೊಂಡ ಪ್ರತಿಯೊಬ್ಬರಿಗೂ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆ. ಓಡಿಸುತ್ತಿದ್ದವರು, ಜೊತೆಗಿದ್ದವರು, ನಡೆದು ಹೋಗುತ್ತಿದ್ದವರು ಎಂಬ ಭೇದವಿಲ್ಲ. ಗುದ್ದಿದ ವಾಹನಕ್ಕೆ ವಿಮೆ ಇಲ್ಲದಿದ್ದರೂ, ಗುದ್ದಿ ಓಡಿಹೋಗಿದ್ದರೂ ಸಿಗುತ್ತದೆ. ಆಗ ಹಣ ಸರ್ಕಾರದ್ದು.

ಎರಡು ಷರತ್ತು ನೆನಪಿರಲಿ. ಪೂರ್ತಿ ಚಿಕಿತ್ಸೆ ಸಿಗುವುದು ಯೋಜನೆಗೆ ಗುರುತಿಸಿದ ಆಸ್ಪತ್ರೆಗಳಲ್ಲಿ. ಬೇರೆ ಕಡೆ ಜೀವ ಸ್ಥಿರವಾಗುವವರೆಗಿನ ಆರೈಕೆಗೆ ಮಾತ್ರ. ಹಾಗೆಯೇ, ಇದು ರಸ್ತೆ ಅಪಘಾತವೇ ಎಂದು ಪೊಲೀಸರು ದೃಢಪಡಿಸಬೇಕು. ಹಾಗಾಗಿ 112ಕ್ಕೆ ಕರೆ ಮಾಡುವುದನ್ನು ಬಿಟ್ಟು ‘ಇಲ್ಲೇ ರಾಜಿ ಮಾಡ್ಕೊಳ್ಳೋಣ’ ಎಂದು ಹೊರಟರೆ ಈ ಸೌಲಭ್ಯವೂ ಕೈತಪ್ಪಬಹುದು.

ತಲೆಗೆ ಪೆಟ್ಟಾಗಿ ಐಸಿಯುನಲ್ಲಿದ್ದರೆ 1.5 ಲಕ್ಷ ಬೇಗ ಮುಗಿಯುತ್ತದೆ. ಆಮೇಲಿನದಕ್ಕೆ ನಿಮ್ಮ ಆರೋಗ್ಯ ವಿಮೆ, ಇಲ್ಲವೇ ಕೈಯಿಂದ. ತಪ್ಪು ಬೇರೆ ವಾಹನದವರದ್ದಾಗಿದ್ದರೆ ಕೈಯಿಂದ ಹಾಕಿದ್ದನ್ನು ನ್ಯಾಯಮಂಡಳಿಯಲ್ಲಿ ಕೇಳಬಹುದು, ಅದಕ್ಕೆ ಬಿಲ್, ಡಿಸ್ಚಾರ್ಜ್ ಸಮರಿ, ಎಫ್‌ಐಆರ್ ಪ್ರತಿ ಬೇಕು. ತಾವೇ ಓಡಿಸಿ ಡಿವೈಡರಿಗೆ ಗುದ್ದಿಕೊಂಡವರಿಗೆ ಆ ದಾರಿ ಇಲ್ಲ.